ಐವರ ತಂಡಕ್ಕೆ ಒಂದೇ ಮೈಕ್: ಯಾವುದನ್ನು ಆರಿಸಬೇಕು, ಎಲ್ಲಿ ಇಡಬೇಕು?

ಹೇಮಾವತಿ ತೀರ (ಹಾಸನ)

ನಮ್ಮದು ಐದು ಜನರ ಸುಗಮ ಸಂಗೀತ ತಂಡ. ಇಬ್ಬರು ಹಾಡುತ್ತಾರೆ, ಮಿಕ್ಕವರು ಹಾರ್ಮೋನಿಯಂ, ಕೊಳಲು ಮತ್ತು ತಬಲಾ ನುಡಿಸುತ್ತೇವೆ. ಭಾವಗೀತೆ, ದಾಸರ ಪದ, ತತ್ವಪದಗಳೇ ನಮ್ಮ ಹಾಡುಗಾರಿಕೆಯ ಬಹುಪಾಲು. ಕಾರ್ಯಕ್ರಮಗಳು ನಡೆಯುವುದು ದೇವಸ್ಥಾನದ ಪ್ರಾಂಗಣದಲ್ಲಿ, ಸಮುದಾಯ ಭವನಗಳಲ್ಲಿ, ಕೆಲವೊಮ್ಮೆ ಸಕಲೇಶಪುರದ ಕಡೆಯ ಎಸ್ಟೇಟ್ ಬಂಗಲೆಗಳ ಜಗಲಿಯಲ್ಲಿ. ಕೇಳುಗರು ಹೆಚ್ಚೆಂದರೆ ನೂರು, ನೂರೈವತ್ತು ಜನ.

ಈಗ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಮೈಕ್ ಇರುತ್ತದೆ. ಮೊದಲ ಹಾಡು ಮುಗಿಯುವಷ್ಟರಲ್ಲಿ ತಬಲಾದವರು ತಮ್ಮ ಮೈಕ್ ಏರಿಸಲು ಹೇಳುತ್ತಾರೆ, ಅದು ಏರಿದ ಮೇಲೆ ಗಾಯಕರಿಗೆ ತಮ್ಮ ದನಿ ಸಾಲದೆನಿಸುತ್ತದೆ, ಮೂರನೆಯ ಹಾಡಿನ ಹೊತ್ತಿಗೆ ಎಲ್ಲವೂ ಜೋರಾಗಿ ಯಾವುದೂ ಸ್ಪಷ್ಟವಾಗಿ ಕೇಳದ ಸ್ಥಿತಿ ಬರುತ್ತದೆ. ಅಮೆರಿಕದ ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲು ಮುಂತಾದ ತಂತಿವಾದ್ಯಗಳ ಹಳ್ಳಿಗಾಡಿನ ಸಂಗೀತ) ತಂಡಗಳು ಒಂದೇ ಮೈಕ್ ಸುತ್ತ ನಿಂತು ಹಾಡುವುದನ್ನು ಕಂಡ ಮೇಲೆ ನಾವೂ ಹಾಗೆ ಏಕೆ ಮಾಡಬಾರದು ಎಂಬ ಯೋಚನೆ ಬಂದಿದೆ. ಯಾವ ಮೈಕ್ ಕೊಳ್ಳಬೇಕು? ಒಂದೇ ಮೈಕ್ ಆದರೆ ಫೀಡ್‌ಬ್ಯಾಕ್ (ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೊಕ್ಕು ಏಳುವ ಕೂಗು) ಕಡಿಮೆಯಾಗುತ್ತದೆ ಎಂಬುದು ನಿಜವೇ?

ಗಿರಿಶ್ರೇಣಿ ಧ್ವನಿ (ಚಿಕ್ಕಮಗಳೂರು)

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ತಿಳಿಯದೆ ಮೊದಲನೆಯದಕ್ಕೆ ಹಣ ಸುರಿಯುವುದು ವ್ಯರ್ಥ.

ತೆರೆದಿರುವ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಫೀಡ್‌ಬ್ಯಾಕ್ ಆಗದೆ ಏರಿಸಬಹುದಾದ ಮಟ್ಟ 3 ಡೆಸಿಬಲ್‌ನಷ್ಟು ಇಳಿಯುತ್ತದೆ. ಐದು ಮೈಕ್‌ಗಳ ಬದಲು ಒಂದನ್ನು ಮಾತ್ರ ತೆರೆದರೆ ಸುಮಾರು 7 ಡೆಸಿಬಲ್ ಲಾಭವಾಗುತ್ತದೆ. ಒಂದೇ ಮೈಕ್‌ನ ಪರವಾಗಿ ವಾದಿಸುವವರು ಇಷ್ಟನ್ನು ಹೇಳಿ ಸುಮ್ಮನಾಗುತ್ತಾರೆ. ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಬಾಯಿಂದ 10 ಸೆಂಟಿಮೀಟರ್ ದೂರದಲ್ಲಿದ್ದ ಮೈಕ್ 60 ಸೆಂಟಿಮೀಟರ್ ದೂರಕ್ಕೆ ಹೋದರೆ ಅದಕ್ಕೆ ತಲುಪುವ ನೇರ ಧ್ವನಿ 15 ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚೇ ಕುಸಿಯುತ್ತದೆ, ಏಕೆಂದರೆ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ನಷ್ಟವಾಗುತ್ತದೆ. ಆ ನಷ್ಟವನ್ನು ತುಂಬಲು ಗೇನ್ (ಮೈಕ್‌ನಿಂದ ಬಂದ ಧ್ವನಿಯನ್ನು ಮಿಕ್ಸರ್ ಹಿಗ್ಗಿಸುವ ಪ್ರಮಾಣ) ಏರಿಸಲೇಬೇಕು. ಏಳು ಗಳಿಸಿ ಹದಿನೈದು ಕಳೆದುಕೊಂಡರೆ ಕೈಯಲ್ಲಿ ಉಳಿಯುವುದು ಎಂಟು ಡೆಸಿಬಲ್‌ಗೂ ಮೀರಿದ ಕೊರತೆ. ಒಂದೇ ಮೈಕ್ ಹಾಕಿದರೆ ಫೀಡ್‌ಬ್ಯಾಕ್ ತಾನಾಗಿ ತಗ್ಗುತ್ತದೆ ಎನ್ನುವ ಮಾತನ್ನು ಆದ್ದರಿಂದ ಒಪ್ಪಲಾಗದು.

ಹಾಗಿದ್ದರೆ ಬ್ಲೂಗ್ರಾಸ್ ತಂಡಗಳು ಹೇಗೆ ನಿಭಾಯಿಸುತ್ತವೆ? ಅವರ ವೇದಿಕೆಯಲ್ಲಿ ಕಲಾವಿದರಿಗೇ ಕೇಳಿಸುವ ಮಾನಿಟರ್ ಸ್ಪೀಕರ್‌ಗಳು ಇರುವುದಿಲ್ಲ, ಅಥವಾ ತೀರಾ ಮೆಲ್ಲಗಿರುತ್ತವೆ. ಸಭೆಗೆ ಹಾಕುವ ಒಟ್ಟು ಧ್ವನಿಯನ್ನೂ ಮಿತಿಯಲ್ಲಿ ಇಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸೋಲೊ ನುಡಿಸುವವನು ಮೈಕ್‌ನ ಹತ್ತಿರಕ್ಕೆ ಹೆಜ್ಜೆ ಹಾಕುತ್ತಾನೆ, ತನ್ನ ಸರದಿ ಮುಗಿದೊಡನೆ ಹಿಂದೆ ಸರಿಯುತ್ತಾನೆ. ಅಲ್ಲಿ ಮಿಕ್ಸರ್‌ನ ಕೆಲಸವನ್ನು ಕಾಲುಗಳು ಮಾಡುತ್ತವೆ. ನೀವು ಜಮಖಾನೆಯ ಮೇಲೆ ಕುಳಿತು ಹಾಡುವವರು. ತಬಲಾದವರು ಜೋಡಿಯನ್ನು ಎತ್ತಿಕೊಂಡು ಮುಂದೆ ಬರಲಾರರು, ಹಾರ್ಮೋನಿಯಂ ಕೂಡ ಕದಲುವುದಿಲ್ಲ. ಆದ್ದರಿಂದ ಬ್ಲೂಗ್ರಾಸ್‌ನವರು ಹಾಡಿನ ನಡುವೆ ಮಾಡುವುದನ್ನು ನೀವು ಕಾರ್ಯಕ್ರಮಕ್ಕೆ ಮೊದಲೇ, ಆಸನಗಳನ್ನು ಗೊತ್ತುಮಾಡುವಾಗಲೇ ಮುಗಿಸಬೇಕಾಗುತ್ತದೆ. ಮೈಕ್‌ನ ಹೆಸರು ಕೇಳುವ ಮೊದಲು ಯಾರು ಎಷ್ಟು ದೂರ ಕೂರುತ್ತಾರೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ.

ಡಗ್ಗಾ (ಬೇಲೂರು)

ನಾನು ತಬಲಾ ನುಡಿಸುವವನು. ಇಂಥ ವ್ಯವಸ್ಥೆಗಳಲ್ಲಿ ಯಾವಾಗಲೂ ಹಿಂದಕ್ಕೆ ತಳ್ಳಲ್ಪಡುವವನು ತಬಲಾದವನೇ. ದೂರದ ಮೈಕ್‌ಗೆ ತಬಲಾದ ಕಿನಾರಿನ, ಅಂದರೆ ಅಂಚಿನ, ಪೆಟ್ಟು ಚೆನ್ನಾಗಿಯೇ ಸಿಗುತ್ತದೆ, ಆದರೆ ಡಗ್ಗಾದ (ಜೋಡಿಯಲ್ಲಿ ಮಂದ್ರದ ದೊಡ್ಡ ವಾದ್ಯ) ಮೀಂಡ್, ಅಂಗೈ ಒತ್ತಿ ಎಳೆಯುವ ಆ ಗುಂಗು, ಮೂರು ಅಡಿ ಆಚೆಗೆ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ. ಹತ್ತಿರದ ಮೈಕ್ ಪ್ರಾಕ್ಸಿಮಿಟಿ ಪರಿಣಾಮದಿಂದ ಕೆಳಗಿನ ಸ್ವರಗಳನ್ನು ತಾನಾಗಿ ಉಬ್ಬಿಸಿ ಕೊಡುತ್ತದೆ ಎಂಬುದು ಗೊತ್ತಿದೆ. ಆ ಉಬ್ಬು ಕೃತಕವೇ ಇರಬಹುದು, ಆದರೆ ಇಂದಿನ ಕೇಳುಗರು ತಬಲಾ ಎಂದರೆ ಅದನ್ನೇ ನಿರೀಕ್ಷಿಸುತ್ತಾರೆ. ಒಂದೇ ಮೈಕ್ ಇಟ್ಟು ತಂಡದ ಕೂಡುಧ್ವನಿ ಚೆನ್ನಾಗಿದೆ ಎಂದು ಗಾಯಕರು ಸಂತೋಷಪಡುವಾಗ ಲಯದ ಅರ್ಧಭಾಗ ಸಭೆಗೆ ತಲುಪಿಯೇ ಇರುವುದಿಲ್ಲ.

ಅರಕಲಗೂಡಿನ ಶ್ರೋತೃ

ನಾನು ನುಡಿಸುವವನೂ ಅಲ್ಲ, ಸೌಂಡಿನವನೂ ಅಲ್ಲ, ಕೇಳುವವನು ಮಾತ್ರ. ಡಗ್ಗಾ ಅವರ ಆಕ್ಷೇಪವನ್ನು ಗೌರವಿಸುತ್ತಲೇ ಒಂದು ಮಾತು ಸೇರಿಸುತ್ತೇನೆ. ಕಲಾವಿದರು ಯಂತ್ರದಿಂದ ಬೇರೆಬೇರೆ ದೂರದಲ್ಲಿ ಕುಳಿತು ಸಮತೋಲ ಸಾಧಿಸುವುದು ಹೊಸ ಅಮೆರಿಕನ್ ಚಮತ್ಕಾರವಲ್ಲ. 1902ರಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳು ಧ್ವನಿಮುದ್ರಣವಾದಾಗ ಆ ಕೆಲಸಕ್ಕೆ ಮೈಕ್ ಬಳಕೆಯಲ್ಲೇ ಇರಲಿಲ್ಲ, ಹಾಡುವವರು ಒಂದು ಕಹಳೆಯ ಬಾಯಿಗೆ ಹಾಡಬೇಕಿತ್ತು. ವಿದ್ಯುತ್ ಧ್ವನಿಮುದ್ರಣ 1925ರ ಸುಮಾರಿಗೆ ಬಂದಿತು. ಅದಕ್ಕೆ ಮೊದಲು ಜೋರಾದ ವಾದ್ಯವನ್ನು ಕಹಳೆಯಿಂದ ದೂರ, ಮೆಲುವಾದದ್ದನ್ನು ಹತ್ತಿರ ಕೂರಿಸುವುದನ್ನು ಬಿಟ್ಟರೆ ಮಿಶ್ರಣಕ್ಕೆ ಬೇರೆ ದಾರಿಯೇ ಇರಲಿಲ್ಲ. ಅದೇ 1925ರಲ್ಲಿ ನ್ಯಾಶ್‌ವಿಲ್‌ನ ಬಾನುಲಿಯಲ್ಲಿ ಆರಂಭವಾದ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮದ ತಂಡಗಳು ಒಂದೇ ಮೈಕ್ ಹಂಚಿಕೊಂಡಿದ್ದಕ್ಕೂ ಆ ಕಾಲದ ಸಲಕರಣೆಯ ಕೊರತೆಯೇ ಕಾರಣವೆಂದು ತೋರುತ್ತದೆ, ಸೌಂದರ್ಯದೃಷ್ಟಿ ಆಮೇಲೆ ಸೇರಿಕೊಂಡದ್ದು.

ನಮ್ಮ ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಊರು. ಗಾಯಕ ಆರ್.ಕೆ. ಶ್ರೀಕಂಠನ್ ಅವರಂಥವರು ಹುಟ್ಟಿದ ಊರು. ಅಂಥ ಊರುಗಳಲ್ಲಿ ಮೈಕ್ ಇಲ್ಲದೆ ನಡೆಯುವ ಮನೆಕಛೇರಿಯನ್ನು ಕೇಳಿದವರಿಗೆ ತಿಳಿದಿರುತ್ತದೆ: ಅಲ್ಲಿ ಪಕ್ಕವಾದ್ಯದವರು ಗಾಯಕರ ದನಿಯ ಅಳತೆಗೆ ತಮ್ಮ ಕೈಯನ್ನು ತಗ್ಗಿಸುತ್ತಾರೆ. ಎಲ್ಲರಿಗೂ ಬೇರೆಬೇರೆ ಮೈಕ್ ಬಂದ ಮೇಲೆ ಆ ಹೊಣೆ ಸೌಂಡಿನವರ ಪಾಲಿಗೆ ಹೋಯಿತು. ಹೇಮಾವತಿ ತೀರದವರ ತಂಡಕ್ಕೆ ಬೇಕಾಗಿರುವುದು ಬಹುಶಃ ಅದೇ ಹಳೆಯ ಅಭ್ಯಾಸ. ಮೈಕ್ ಅದಕ್ಕೊಂದು ನೆಪ.

ಹೇಮಾವತಿ ತೀರ (ಹಾಸನ)

ನೆಪವೇ ಇರಬಹುದು, ಆದರೂ ಕೊಳ್ಳಬೇಕಾದ ನೆಪ! ನಮ್ಮಲ್ಲಿ ಈಗ ಇರುವುದು ಶೂರ್ ಎಸ್‌ಎಂ58, ಗಾಯಕರು ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಮಿಕ್ ಮೈಕ್. ಅದನ್ನೇ ನಡುವೆ ನಿಲ್ಲಿಸಿ ನೋಡಿದರೆ ಸಾಲದೇ? ಕಂಡೆನ್ಸರ್ ಮೈಕ್‌ಗಳು (ಹೊರಗಿನಿಂದ ವಿದ್ಯುತ್ ಬೇಡುವ, ಹೆಚ್ಚು ಸೂಕ್ಷ್ಮವಾದ ಬಗೆ) ಎಲ್ಲವನ್ನೂ ಎಳೆದುಕೊಳ್ಳುವುದರಿಂದ ಬೇಗ ಕಿರುಚುತ್ತವೆ ಎಂದು ನಮ್ಮ ಕಡೆಯ ಸೌಂಡಿನವರು ಹೆದರಿಸುತ್ತಾರೆ.

ಗಿರಿಶ್ರೇಣಿ ಧ್ವನಿ (ಚಿಕ್ಕಮಗಳೂರು)

ಆ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ಎಸ್‌ಎಂ58ರ ಸಂವೇದನೆ, ಅಂದರೆ ನಿಗದಿತ ಸದ್ದಿಗೆ ಅದು ಹೊಮ್ಮಿಸುವ ವಿದ್ಯುತ್, ಪಾಸ್ಕಲ್ (ಧ್ವನಿಯ ಒತ್ತಡದ ಅಳತೆ) ಒಂದಕ್ಕೆ 1.85 ಮಿಲಿವೋಲ್ಟ್, ರೋಡ್ ಕಂಪನಿಯ ಎನ್‌ಟಿ1-ಎ ಕಂಡೆನ್ಸರ್‌ನದು ಸುಮಾರು 25 ಮಿಲಿವೋಲ್ಟ್. ಮಿಕ್ಸರ್‌ನ ಗುಬುಟನ್ನು ಒಂದೇ ಜಾಗದಲ್ಲಿಟ್ಟು ಎಸ್‌ಎಂ58 ಕಿತ್ತು ಎನ್‌ಟಿ1-ಎ ಸಿಕ್ಕಿಸಿದರೆ ಅದು ಕಿರುಚದೆ ಇನ್ನೇನು ಮಾಡೀತು? ಗೇನ್ ಅನ್ನು ಅಷ್ಟೇ ಇಳಿಸಿ ಸಭೆಗೆ ಕೇಳುವ ಮಟ್ಟವನ್ನು ಸಮ ಮಾಡಿದ ಮೇಲೆ ಸಂವೇದನೆಗೂ ಫೀಡ್‌ಬ್ಯಾಕ್‌ಗೂ ಸಂಬಂಧ ಉಳಿಯುವುದಿಲ್ಲ. ಆಗ ಲೆಕ್ಕಕ್ಕೆ ಬರುವುದು ಮೈಕ್ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳುತ್ತದೆ, ಅದರ ಫ್ರೀಕ್ವೆನ್ಸಿ ರೆಸ್ಪಾನ್ಸ್ (ಮಂದ್ರದಿಂದ ತಾರದವರೆಗೆ ಯಾವ ಸ್ವರವನ್ನು ಎಷ್ಟು ಕೇಳಿಸಿಕೊಳ್ಳುತ್ತದೆ ಎಂಬ ಗುಣ) ಎಷ್ಟು ಸಪಾಟಾಗಿದೆ ಎಂಬುದು. ಸಪಾಟಾಗಿರದ ಮೈಕ್‌ನ ಉಬ್ಬು ಎಲ್ಲಿದೆಯೋ ಅಲ್ಲಿಯೇ ಮೊದಲ ಕೂಗು ಏಳುತ್ತದೆ.

ಎಸ್‌ಎಂ58 ಒಳ್ಳೆಯ ಮೈಕ್, ಆದರೆ ಅದು ತುಟಿಗೆ ಹತ್ತಿರ ಹಿಡಿಯುವುದಕ್ಕಾಗಿ ರೂಪುಗೊಂಡದ್ದು. ಹತ್ತಿರದಲ್ಲಿ ಮಂದ್ರ ಉಬ್ಬುತ್ತದೆ ಎಂಬ ಎಣಿಕೆಯಿಂದಲೇ ಅದರ ಕೆಳಭಾಗವನ್ನು ತಗ್ಗಿಸಿ, ಮೇಲ್ಭಾಗಕ್ಕೆ ಒಂದಿಷ್ಟು ಹೊಳಪು ಕೊಟ್ಟಿದ್ದಾರೆ. ಎರಡು ಅಡಿ ದೂರದಲ್ಲಿ ಅದರ ಧ್ವನಿ ತೆಳ್ಳಗಾಗುತ್ತದೆ. ಡಗ್ಗಾ ಅವರು ಹೇಳಿದ ಕೊರತೆ ಅಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ.

ಈಗ ದಿಕ್ಕಿನ ಮಾತು. ಮುಂದಿನಿಂದ ಅಗಲವಾಗಿ ಕೇಳಿಸಿಕೊಳ್ಳುವ ಕಾರ್ಡಿಯಾಯ್ಡ್ ಮೈಕ್ ತನ್ನ ನೇರ ಬೆನ್ನಿನ ಕಡೆಯಿಂದ ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ. ಅದಕ್ಕಿಂತ ಕಿರಿದಾಗಿ ಕೇಳಿಸಿಕೊಳ್ಳುವ ಸೂಪರ್‌ಕಾರ್ಡಿಯಾಯ್ಡ್‌ನ ಕಿವುಡು ಜಾಗ ಮುಂಭಾಗದಿಂದ ಸುಮಾರು 125 ಡಿಗ್ರಿಯಲ್ಲಿ, ಎರಡೂ ಪಕ್ಕಗಳಲ್ಲಿರುತ್ತದೆ. ಮೈಕ್ ಕಲಾವಿದರ ಕಡೆಗೆ ಮುಖ ಮಾಡಿದಾಗ ಅದರ ಬೆನ್ನು ಸಭೆಯ ಕಡೆಗಿರುತ್ತದೆ, ಸ್ಪೀಕರ್‌ಗಳು ವೇದಿಕೆಯ ಎಡಬಲ ಮೂಲೆಗಳಲ್ಲಿ ಸ್ವಲ್ಪ ಮುಂದಕ್ಕಿರುತ್ತವೆ. ಅಂದರೆ ಸ್ಪೀಕರ್‌ಗಳು ಬೀಳುವುದು ಹೆಚ್ಚುಕಡಿಮೆ ಆ 125 ಡಿಗ್ರಿಯ ಆಸುಪಾಸಿನಲ್ಲಿಯೇ. ಇಬ್ಬರೇ ಗಾಯಕರು ನಡುವೆ ಕುಳಿತು ಮಿಕ್ಕವರು ಬದಿಗಿದ್ದರೆ ನಾನು ಸೂಪರ್‌ಕಾರ್ಡಿಯಾಯ್ಡ್ ಆರಿಸುತ್ತೇನೆ, ಐವರೂ ಅಗಲವಾದ ಅರ್ಧಚಂದ್ರದಲ್ಲಿ ಕೂರುವುದಾದರೆ ಕಾರ್ಡಿಯಾಯ್ಡ್.

ಹೆಸರುಗಳನ್ನು ಕೇಳಿದ್ದೀರಿ. ಬ್ಲೂಗ್ರಾಸ್‌ನವರಲ್ಲಿ ಆಡಿಯೋ-ಟೆಕ್ನಿಕಾ ಎಟಿ4033 ಬಹುಕಾಲದಿಂದ ಪ್ರಚಲಿತವಾಗಿದೆ. ಅದು ಕಾರ್ಡಿಯಾಯ್ಡ್. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಇಯರ್ ಟ್ರಂಪೆಟ್ ಲ್ಯಾಬ್ಸ್ ಎಂಬ ಸಣ್ಣ ಕಾರ್ಖಾನೆ ಲೂಯಿಸ್, ಮಿರ್ಟಲ್ ಎಂಬ ಮೈಕ್‌ಗಳನ್ನು ಹೀಗೆ ತಂಡದ ಬಳಕೆಗೆಂದೇ ಮಾಡುತ್ತದೆ, ಆದರೆ ಅವನ್ನು ಇಲ್ಲಿಗೆ ತರಿಸುವುದು ಸುಲಭವಲ್ಲ. ಎಕೆಜಿ ಸಿ414ರ ಈಗಿನ ಮಾದರಿಗಳಲ್ಲಿ ಒಂಬತ್ತು ದಿಕ್‌ವಿನ್ಯಾಸಗಳಿರುವುದರಿಂದ ಸ್ಥಳಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು, ಬೆಲೆ ಮಾತ್ರ ಹವ್ಯಾಸಿ ತಂಡದ ಕೈಗೆಟುಕುವಂಥದ್ದಲ್ಲ. ನಿಮ್ಮ ಬಜೆಟ್ಟಿಗೆ ಒಗ್ಗುವುದು ಎನ್‌ಟಿ1-ಎ ಅಥವಾ ಅದೇ ದರ್ಜೆಯ ಬೇರೆ ಯಾವುದಾದರೂ ಕಾರ್ಡಿಯಾಯ್ಡ್.

ಆದರೆ ನನ್ನ ಒಲವು ಬೇರೆ ಕಡೆಗಿದೆ. ಎನ್‌ಟಿ1-ಎಯಂಥ ದೊಡ್ಡ ಪೊರೆಯ (ಧ್ವನಿಗೆ ಕಂಪಿಸುವ ತೆಳುಹಾಳೆಯ) ಮೈಕ್‌ಗಳು ಬದಿಯಿಂದ ಬರುವ ಧ್ವನಿಯ ಮೇಲಿನ ಸ್ವರಗಳನ್ನು ಮಂಕಾಗಿಸುತ್ತವೆ. ಅರ್ಧಚಂದ್ರದ ತುದಿಯಲ್ಲಿ ಕುಳಿತ ಕೊಳಲಿನವರಿಗೆ ಇದರಿಂದ ಅನ್ಯಾಯವಾಗುತ್ತದೆ. ಶೂರ್ ಎಸ್‌ಎಂ81, ರೋಡ್ ಎನ್‌ಟಿ5 ಮುಂತಾದ ಸಣ್ಣ ಪೊರೆಯ ಕಾರ್ಡಿಯಾಯ್ಡ್‌ಗಳು ಬದಿಯಿಂದಲೂ ಬಣ್ಣಗೆಡದೆ ಕೇಳಿಸಿಕೊಳ್ಳುತ್ತವೆ. ಇವುಗಳ ಸ್ವಂತ ಸದ್ದು (ಮೈಕ್‌ನ ಒಳಗಿನಿಂದಲೇ ಏಳುವ ಸಣ್ಣ ಸುಯ್‌ಗುಟ್ಟುವಿಕೆ) ಹೆಚ್ಚು ಎಂದು ಯಾರಾದರೂ ಹೇಳಬಹುದು: ಎನ್‌ಟಿ1-ಎಯದು 5 ಡೆಸಿಬಲ್, ಎಸ್‌ಎಂ81ರದು 16. ಸ್ಟುಡಿಯೋದಲ್ಲಿ ಆ ಅಂತರಕ್ಕೆ ಬೆಲೆಯಿದೆ. ಸೀಲಿಂಗ್ ಫ್ಯಾನ್ ತಿರುಗುವ ಸಮುದಾಯ ಭವನದಲ್ಲಿ ಅದು ಯಾರ ಕಿವಿಗೂ ಬೀಳದು. ದೊಡ್ಡ ಮೈಕ್ ನೋಡಲು ಚೆಂದ, ಫೋಟೋದಲ್ಲಿಯೂ ಚೆಂದ. ಅದರ ಮಾರಾಟದ ಒಂದು ಪಾಲು ಆ ಚೆಂದಕ್ಕೇ ಸಲ್ಲಬೇಕು.

ಮಳೆನಾಡಿಗ (ಕೊಪ್ಪ)

ಚಿಕ್ಕಮಗಳೂರಿನ ಮಿತ್ರರು ಮಳೆಯನ್ನು ಹೇಗೆ ಮರೆತರೋ ತಿಳಿಯದು. ನಮ್ಮ ಕಡೆ ಸಭಾಭವನಗಳ ಮಾಡು ಬಹುತೇಕ ತಗಡಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಎರಡು ಅಡಿ ದೂರದ ಮೈಕ್‌ಗೆ ಹಾಡಿಗಿಂತ ಮಾಡಿನ ಸದ್ದೇ ಹೆಚ್ಚು ಸಿಗುತ್ತದೆ. ಆ ತಿಂಗಳುಗಳಲ್ಲಿ ಹತ್ತಿರದ ಮೈಕ್‌ಗಳಿಗೆ ಬದಲಿಯೇ ಇಲ್ಲ, ಈ ವಿಷಯದಲ್ಲಿ ವಾದ ಬೇಡ.

ಎರಡನೆಯದು, ತೇವ. ಕಂಡೆನ್ಸರ್‌ನ ಪೊರೆಯ ಬಳಿ ತೇವ ಸೇರಿದರೆ ಚಟಪಟ ಸದ್ದು ಬರುತ್ತದೆ, ಧ್ವನಿ ಕುಗ್ಗುತ್ತದೆ. ಸೆನ್‌ಹೈಸರ್‌ನ ಎಂಕೆಎಚ್ ಸರಣಿಯ ಮೈಕ್‌ಗಳು ರೇಡಿಯೋ ಫ್ರೀಕ್ವೆನ್ಸಿ ತತ್ವದಲ್ಲಿ ಕೆಲಸ ಮಾಡುವುದರಿಂದ ತೇವವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ, ಆದರೆ ಅವುಗಳ ಬೆಲೆಯಲ್ಲಿ ಇಡೀ ಸೌಂಡ್ ಸೆಟ್ ಬರುತ್ತದೆ. ನಮ್ಮಂಥವರಿಗೆ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಕಾರ್ಯಕ್ರಮಕ್ಕೆ ಬಹಳ ಮುಂಚೆಯೇ ಮೈಕ್ ಹೊರತೆಗೆದು ಆ ಜಾಗದ ಹವೆಗೆ ಹೊಂದಿಸುವುದು, ಇಷ್ಟೇ ಉಪಾಯ.

ಇನ್ನು ಸೋಬಾನೆ ಪದದ ತಂಡಗಳಿಗೆ ಬೇರೆಯದೇ ಆಯ್ಕೆ ಹೇಳಬೇಕು. ಅಲ್ಲಿ ಒಂದು ಗುಂಪು ಹೇಳಿದ್ದನ್ನು ಇನ್ನೊಂದು ಗುಂಪು ಎತ್ತಿಕೊಳ್ಳುತ್ತದೆ. ಎರಡು ಗುಂಪುಗಳನ್ನು ಎದುರುಬದುರು ಕೂರಿಸಿ ನಡುವೆ ಫಿಗರ್-8 ವಿನ್ಯಾಸದ ಮೈಕ್ ಇಟ್ಟರೆ ಮುಂದೆ ಹಿಂದೆ ಎರಡೂ ಕಡೆ ಸಮವಾಗಿ ಕೇಳಿಸಿಕೊಂಡು, 90 ಡಿಗ್ರಿಯಲ್ಲಿರುವ ಪಕ್ಕಗಳನ್ನು ಪೂರ್ತಿ ಬಿಟ್ಟುಬಿಡುತ್ತದೆ. ಸಭೆ ಮತ್ತು ಸ್ಪೀಕರ್‌ಗಳು ಆ ಪಕ್ಕಕ್ಕೆ ಬರುವಂತೆ ತಿರುಗಿಸಿಕೊಳ್ಳಬೇಕು. ಹಾಡುವವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ, ಪದ ತಪ್ಪುವುದಿಲ್ಲ.

ಡಗ್ಗಾ (ಬೇಲೂರು)

ಫಿಗರ್-8 ಎಂದರೆ ರಿಬ್ಬನ್ ಮೈಕ್ ತಾನೇ? ತೆಳು ಲೋಹಪಟ್ಟಿಯ ಆ ಮೈಕ್‌ಗೆ, ಮಿಕ್ಸರ್ ಕಂಡೆನ್ಸರ್‌ಗಳಿಗೆ ಕಳುಹಿಸುವ 48 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ ಎಂದು ಕೇಳಿದ್ದೇನೆ.

ಮಳೆನಾಡಿಗ (ಕೊಪ್ಪ)

ರಿಬ್ಬನ್‌ಗಳು ಸಹಜವಾಗಿ ಫಿಗರ್-8, ಆದರೆ ಬಹುವಿನ್ಯಾಸದ ಕಂಡೆನ್ಸರ್‌ಗಳಲ್ಲಿಯೂ ಆ ಆಯ್ಕೆ ಇರುತ್ತದೆ. ಸರಿಯಾಗಿ ಬೆಸುಗೆ ಹಾಕಿದ ಕೇಬಲ್‌ನಲ್ಲಿ ಎರಡೂ ತಂತಿಗಳಿಗೆ ಸಮ ವೋಲ್ಟೇಜ್ ಬರುವುದರಿಂದ ರಿಬ್ಬನ್‌ಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ತಂತಿ ಅದಲುಬದಲಾದ ಅಥವಾ ಒಂದು ಕಡೆ ಕಿತ್ತ ಕೇಬಲ್ ಸಿಕ್ಕಿದರೆ ಹಾಳಾಗಬಹುದು. ಬಾಡಿಗೆ ಕೇಬಲ್‌ಗಳ ಸ್ಥಿತಿ ಎಲ್ಲರಿಗೂ ಗೊತ್ತಿರುವುದರಿಂದ ನಾನು ರಿಬ್ಬನ್ ಅನ್ನು ಶಿಫಾರಸು ಮಾಡುವುದಿಲ್ಲ.

ಪ್ರತಿಫಲನ (ಹಾಸನ)

ಕುಳಿತು ಹಾಡುವುದರ ಇನ್ನೊಂದು ಪರಿಣಾಮವನ್ನು ಯಾರೂ ಎತ್ತಿಲ್ಲ, ಅದು ನೆಲ. ಮೈಕ್‌ಗೆ ಧ್ವನಿ ನೇರವಾಗಿ ಬರುತ್ತದೆ, ನೆಲಕ್ಕೆ ಬಡಿದು ಸ್ವಲ್ಪ ತಡವಾಗಿಯೂ ಬರುತ್ತದೆ. ಎರಡೂ ಕೂಡಿದಾಗ ಕೆಲವು ಸ್ವರಗಳು ಕಳೆದುಹೋಗುತ್ತವೆ.

ಒಂದು ಉದಾಹರಣೆ ನೋಡಿ. ಕುಳಿತ ಗಾಯಕರ ಬಾಯಿ ಮತ್ತು ಮೈಕ್ ಎರಡೂ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿವೆ, ನಡುವಿನ ದೂರ 60 ಸೆಂಟಿಮೀಟರ್ ಎಂದುಕೊಳ್ಳೋಣ. ನೆಲಕ್ಕೆ ಬಡಿದು ಬರುವ ಧ್ವನಿ ಒಂದು ಮೀಟರ್‌ನಷ್ಟು ಹೆಚ್ಚು ದಾರಿ ಸವೆಸಬೇಕು. ಆದ್ದರಿಂದ ಅದು ನೇರ ಧ್ವನಿಗಿಂತ 8 ಡೆಸಿಬಲ್‌ಗೂ ಹೆಚ್ಚು ಕ್ಷೀಣವಾಗಿರುತ್ತದೆ, ಹಾನಿ ಅಲ್ಪ. ಈಗ ತಬಲಾ: ನೆಲದಿಂದ 30 ಸೆಂಟಿಮೀಟರ್ ಎತ್ತರ, ಮೈಕ್‌ನ ಕಂಬದಿಂದ ನೆಲದ ಮೇಲೆ ಅಳೆದರೆ 120 ಸೆಂಟಿಮೀಟರ್ ದೂರ. ಇಲ್ಲಿ ನೇರ ದಾರಿ 128, ನೆಲದ ದಾರಿ 159 ಸೆಂಟಿಮೀಟರ್. ವ್ಯತ್ಯಾಸ 31 ಸೆಂಟಿಮೀಟರ್ ಮಾತ್ರ, ಮಟ್ಟದಲ್ಲಿ 2 ಡೆಸಿಬಲ್ ಅಂತರವೂ ಇಲ್ಲ. ಎರಡು ಧ್ವನಿಗಳೂ ಹೆಚ್ಚುಕಡಿಮೆ ಸಮಬಲದವು, ಹೀಗಾಗಿ 550 ಹರ್ಟ್ಸ್ ಸುಮಾರಿಗೆ ಆಳವಾದ ಗುಂಡಿ ಬೀಳುತ್ತದೆ. ತಬಲಾದ ಮೈ ಇರುವುದೇ ಆ ಆಸುಪಾಸಿನಲ್ಲಿ. ಜಮಖಾನೆ ತೆಳ್ಳಗಿರುವುದರಿಂದ ಅದು ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತದೆ, 550ರಲ್ಲಿ ನೆಲವನ್ನು ಮುಚ್ಚಲಾರದು.

ಡಗ್ಗಾ ಅವರು ಕಿವಿಯಿಂದ ಗುರುತಿಸಿದ ಕೊರತೆಯಲ್ಲಿ ಪ್ರಾಕ್ಸಿಮಿಟಿಯ ಪಾಲಿನ ಜೊತೆಗೆ ನೆಲದ ಪಾಲೂ ಇದೆ. ಇದಕ್ಕೆ ಪರಿಹಾರವೆಂದರೆ ನೆಲದ ಮೇಲೆಯೇ ಮಲಗುವ ಬೌಂಡರಿ ಮೈಕ್. ಕ್ರೌನ್ ಕಂಪನಿಯ ಪಿಸಿಸಿ-160 ನಾಟಕದ ವೇದಿಕೆಗಳಲ್ಲಿ ಹೆಸರಾದದ್ದು. ಅದು ನೆಲಕ್ಕೆ ಅಂಟಿಕೊಂಡಿರುವುದರಿಂದ ನೇರ ಧ್ವನಿಯೂ ಪ್ರತಿಫಲನವೂ ಒಟ್ಟಿಗೇ ತಲುಪುತ್ತವೆ, ಗುಂಡಿ ಬೀಳುವುದಿಲ್ಲ. ಗಾಯಕರ ಬಾಯಿಂದ ಅದು ದೂರವಾಗುತ್ತದೆ ಎಂಬುದು ನಿಜ. ಆದ್ದರಿಂದ ನನ್ನ ಸಲಹೆ: ಗಾಯಕರ ಎತ್ತರದಲ್ಲಿ ಒಂದು ಹಂಚಿಕೆಯ ಮೈಕ್, ತಬಲಾದ ಮುಂದೆ ನೆಲದ ಮೇಲೆ ಒಂದು ಸಣ್ಣ ಬೌಂಡರಿ, ಅದನ್ನು ಬೇಕೋ ಬೇಡವೋ ಎಂಬಷ್ಟು ಮಾತ್ರ ತೆರೆಯುವುದು.

ಡಗ್ಗಾ (ಬೇಲೂರು)

ಇದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ಆದರೆ ಅದು ಒಂದೇ ಮೈಕ್ ಆಗಲಿಲ್ಲ.

ಅರಕಲಗೂಡಿನ ಶ್ರೋತೃ

ಆಗಬೇಕೆಂಬ ವ್ರತವೇನೂ ಇಲ್ಲವಲ್ಲ.

ಹೇಮಾವತಿ ತೀರ (ಹಾಸನ)

ಎಲ್ಲರ ಮಾತುಗಳನ್ನೂ ಮುಂದಿಟ್ಟುಕೊಂಡು ಪ್ರಯೋಗ ಮಾಡಿದೆವು. ಪರಿಚಿತರಿಂದ ಸಣ್ಣ ಪೊರೆಯ ಕಾರ್ಡಿಯಾಯ್ಡ್ ಒಂದನ್ನು ಎರವಲು ತಂದು, ಇಬ್ಬರು ಗಾಯಕರನ್ನು ಅದರ ಎದುರಿಗೆ ಎರಡು ಅಡಿ ದೂರದಲ್ಲಿ ಭುಜಕ್ಕೆ ಭುಜ ತಾಗುವಂತೆ ಕೂರಿಸಿದೆವು. ಕೊಳಲು ಎಡಕ್ಕೆ, ಗಾಯಕರಿಗಿಂತ ತುಸು ಹಿಂದೆ. ಹಾರ್ಮೋನಿಯಂ ಬಲಕ್ಕೆ, ಅದಕ್ಕಿಂತ ಹಿಂದೆ. ಅದರ ಮುಂಭಾಗವನ್ನು ಮೈಕ್‌ನಿಂದ ಸ್ವಲ್ಪ ತಿರುಗಿಸಿದ ಮೇಲೆಯೇ ಅದು ಹದಕ್ಕೆ ಬಂದಿತು, ಏಕೆಂದರೆ ನೇರವಾಗಿಟ್ಟರೆ ಎಲ್ಲರನ್ನೂ ಮುಳುಗಿಸುತ್ತಿತ್ತು. ತಬಲಾ ನಾಲ್ಕು ಅಡಿಗೆ ಹೋಯಿತು. ಶ್ರುತಿಪೆಟ್ಟಿಗೆಯನ್ನು ಗಾಯಕರ ಹಿಂದೆ, ಅವರಿಗೆ ಕೇಳುವಷ್ಟು ಮಾತ್ರ ಇಟ್ಟೆವು. ಮಾನಿಟರ್ ಪೂರ್ತಿ ತೆಗೆದೆವು. ಇದಕ್ಕೆ ಗಾಯಕರಿಬ್ಬರೂ ಮೊದಲು ಒಪ್ಪಲಿಲ್ಲ, ಎರಡು ಹಾಡುಗಳಾದ ಮೇಲೆ ಅವರಿಗೇ ಪರಸ್ಪರರ ದನಿ ಮುಂಚಿಗಿಂತ ಚೆನ್ನಾಗಿ ಕೇಳತೊಡಗಿತು.

ಎಸ್ಟೇಟ್ ಜಗಲಿಯಲ್ಲಿ ಫಲಿತಾಂಶ ಬಹಳ ಚೆನ್ನಾಗಿತ್ತು. ಕಲ್ಲಿನ ಮಂಟಪದ ದೇವಸ್ಥಾನದಲ್ಲಿ ಧ್ವನಿ ಈಜಾಡಿತು, ಪದಗಳು ಸ್ಪಷ್ಟವಾಗಲಿಲ್ಲ. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದಲ್ಲಿ ಇದನ್ನು ಮಾಡುವ ಧೈರ್ಯ ನಮಗಿಲ್ಲ. ಅಲ್ಲಿಗೆ ಹಳೆಯ ಪದ್ಧತಿಯೇ ಇರಲಿ ಎಂದು ತೀರ್ಮಾನಿಸಿದ್ದೇವೆ.

ಉಳಿದ ತೊಂದರೆ ಒಂದೇ. ಸ್ವಲ್ಪ ಏರಿಸಿದರೂ ಒಂದು ಕೆಳಸ್ವರ ಗುಂಯ್‌ಗುಡುತ್ತದೆ. ಪ್ರತಿ ಜಾಗದಲ್ಲಿಯೂ ಬೇರೆಬೇರೆ ಸ್ವರ.

ಗಿರಿಶ್ರೇಣಿ ಧ್ವನಿ (ಚಿಕ್ಕಮಗಳೂರು)

ಕಲ್ಲಿನ ಮಂಟಪದಲ್ಲಿ ಹಾಗಾಗುವುದು ಸಹಜ. ಅಲ್ಲಿ ಎರಡು ಅಡಿಯಲ್ಲಿಯೇ ನೇರ ಧ್ವನಿಗೆ ಮಾರ್ದನಿ ಸರಿಸಮವಾಗಿ ನಿಲ್ಲುತ್ತದೆ. ಅಂಥ ಕಡೆ ದೂರವನ್ನು ಒಂದು ಅಡಿಗೆ ಇಳಿಸಿ, ಇಲ್ಲವೇ ಸ್ಪೀಕರ್ ಇಲ್ಲದೆಯೇ ಹಾಡಿ. ಮಂಟಪವೇ ನಿಮ್ಮ ಧ್ವನಿವರ್ಧಕ.

ಗುಂಯ್‌ಗುಡುವುದಕ್ಕೆ: ಮೊದಲು ಮೈಕ್ ಚಾನೆಲ್‌ನ ಲೋ-ಕಟ್ ಒತ್ತಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಿರಿ, ವೇದಿಕೆಯ ಹಲಗೆಯ ಸದ್ದೂ ಫ್ಯಾನ್ ಗಾಳಿಯ ಗುಡುಗೂ ಅಲ್ಲಿಗೆ ಮುಗಿಯುತ್ತವೆ. ಡಗ್ಗಾದ ಬುಡ ತುಸು ಹೋಗುತ್ತದೆ, ಡಗ್ಗಾ ಅವರು ಕ್ಷಮಿಸಬೇಕು. ಆಮೇಲೆ 31 ಬ್ಯಾಂಡ್‌ನ ಗ್ರಾಫಿಕ್ ಈಕ್ವಲೈಜರ್ (ಸ್ವರಗಳ ಹರವನ್ನು 31 ಪಟ್ಟಿಗಳಾಗಿ ಒಡೆದು ಒಂದೊಂದನ್ನೂ ಏರಿಳಿಸುವ ಪೆಟ್ಟಿಗೆ) ಅನ್ನು ಮುಖ್ಯ ಸ್ಪೀಕರ್‌ಗಳ ದಾರಿಯಲ್ಲಿಟ್ಟು, ಸಭೆ ತುಂಬುವ ಮೊದಲು ಮೈಕ್ ಅನ್ನು ನಿಧಾನವಾಗಿ ಏರಿಸಿ, ಮೊದಲು ಕೂಗುವ ಬ್ಯಾಂಡ್ ಅನ್ನು 3 ಡೆಸಿಬಲ್‌ನಷ್ಟು ಇಳಿಸಿ, ಮತ್ತೆ ಏರಿಸಿ ಎರಡನೆಯದನ್ನು ಹುಡುಕಿ. ನಾಲ್ಕೈದು ಬ್ಯಾಂಡ್‌ಗಳ ಆಚೆಗೆ ಹೋದರೆ ಹಾಡಿನ ಮೈಯನ್ನೇ ಕಡಿಯುತ್ತಿದ್ದೀರಿ ಎಂದರ್ಥ. ಅಷ್ಟರಲ್ಲಿ ಸಾಲದಿದ್ದರೆ ಸ್ಪೀಕರ್‌ಗಳನ್ನು ಇನ್ನೂ ಮುಂದಕ್ಕೆ, ಸಭೆಯ ಕಡೆಗೆ ಒಯ್ಯಿರಿ. ಮೈಕ್‌ನಿಂದ 2 ಮೀಟರ್ ಇದ್ದದ್ದನ್ನು 4 ಮೀಟರ್‌ಗೆ ಒಯ್ದರೆ ಬಯಲಿನಲ್ಲಿಯೂ ಜಗಲಿಯಲ್ಲಿಯೂ 6 ಡೆಸಿಬಲ್‌ಗೆ ಹತ್ತಿರದ ಲಾಭ ಕೈಸೇರುತ್ತದೆ, ಮತ್ತು ಅದಕ್ಕೆ ಉದ್ದನೆಯ ತಂತಿಯನ್ನು ಬಿಟ್ಟರೆ ಬೇರೆ ಖರ್ಚಿಲ್ಲ.

ಕೊಳ್ಳುವ ಮೊದಲು ಇನ್ನೊಂದನ್ನು ಖಚಿತಪಡಿಸಿಕೊಳ್ಳಿ: ನಿಮಗೆ ಬಾಡಿಗೆಗೆ ಸಿಗುವ ಮಿಕ್ಸರ್‌ನಲ್ಲಿ ಕಂಡೆನ್ಸರ್‌ಗೆ ಬೇಕಾದ ವಿದ್ಯುತ್ತನ್ನು ಮೈಕ್ ತಂತಿಯಲ್ಲಿಯೇ ಕಳುಹಿಸುವ 48 ವೋಲ್ಟ್ ಫ್ಯಾಂಟಮ್ ಇದೆಯೇ ಎಂದು. ಹಳೆಯ ಆಂಪ್ಲಿಫೈಯರ್‌ಗೆ ನೇರವಾಗಿ ಮೈಕ್ ಸಿಕ್ಕಿಸುವ ಊರುಗಳಲ್ಲಿ ಆ ಸೌಲಭ್ಯ ಇರುವುದಿಲ್ಲ. ಅಂಥ ಕಡೆಗೆ ಪ್ರತ್ಯೇಕ ಫ್ಯಾಂಟಮ್ ಪೆಟ್ಟಿಗೆಯೊಂದನ್ನು ಮೈಕ್ ಜೊತೆಯಲ್ಲಿಯೇ ಚೀಲಕ್ಕೆ ಹಾಕಿಕೊಂಡಿರಿ.